ಹನ್ನೆರಡು ಸೆಕೆಂಡಿನ ಬೇಸಿಗೆ

ಹೋದ ತಿಂಗಳು ಬೈಲಹೊಂಗಲದಲ್ಲಿ ಸಂಬಂಧಿಕರ ಮದುವೆಗೆ ಹೋಗಿದ್ದೆ. ಊಟದ ಸಾಲಿನ ತುದಿಗೆ ಐಸ್‌ಕ್ರೀಮಿನ ಮೇಜು ಹಾಕಿದ್ದರು. ಬಿಳಿ ಟೋಪಿಯವನೊಬ್ಬ ಸ್ಟೀಲಿನ ಕ್ಯಾನಿನಿಂದ ಏನನ್ನೋ ಪಾತ್ರೆಗೆ ಸುರಿಯುತ್ತಿದ್ದ. ಹೊಗೆ ಮೇಜಿನಿಂದ ಇಳಿದು ನೆಲದ ಮೇಲೆ ಹರಿದು ಮಕ್ಕಳ ಪಾದ ಮುಚ್ಚುತ್ತಿತ್ತು, ಮಕ್ಕಳು ಕೇಕೆ ಹಾಕುತ್ತಿದ್ದವು. "ಅಜ್ಜಾರ, ನೀವೂ ಒಂದ ಕಪ್ ತಗೋರಿ, ಬಾಯಾಗಿಂದ ಹೊಗಿ ಬರತೈತಿ" ಅಂದ ಅವನು. ನಾನು ಬ್ಯಾಡಪ್ಪಾ ಎಂದು ಕೈ ಆಡಿಸಿ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಮನೆಯವಳು ಬಂದು ಮೈಯಲ್ಲಿ ಆರಾಮಿಲ್ಲವೇ ಎಂದು ಕೇಳಿದಳು. ಆರಾಮಿದ್ದೇನೆ ಅಂದೆ.

ಅದು ದ್ರವ ಸಾರಜನಕ. ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗಿನ ತಂಪು. ಕೆಲಸಕ್ಕೆ ಸೇರಿದಂದಿನಿಂದ ರಿಟೈರ್ ಆಗುವವರೆಗೆ ಅದರ ಜೊತೆಗೇ ಬಾಳ್ವೆ ಮಾಡಿದವನು ನಾನು. ಮದುವೆ ನಡೆದ ಆ ಕಲ್ಯಾಣ ಮಂಟಪವೂ ನನಗೆ ಹೊಸದಲ್ಲ. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿದ್ದಾಗ, ಒಂದು ಬೇಸಿಗೆಯ ಭಾನುವಾರ, ಅದೇ ಮಂಟಪದಲ್ಲಿ ಅದೇ ಹೊಗೆ ನೋಡಿ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಆ ಬೇಸಿಗೆಯ ವಿಷಯ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಈಗ ಬರೆಯುತ್ತೇನೆ, ಯಾರಿಗೆ ಏನನ್ನಿಸಿದರೂ ಅನ್ನಿಸಲಿ.

ಆಗ ನನ್ನ ನೌಕರಿ ಸವದತ್ತಿ ಕಡೆಯ ಒಂದು ಸಣ್ಣ ಊರಿನ ದನದ ದವಾಖಾನೆಯಲ್ಲಿ. ಊರಿನ ಹೆಸರು ಬೇಡ. ಬೆದೆಗೆ ಬಂದ ಆಕಳು, ಎಮ್ಮೆಗಳಿಗೆ ಒಳ್ಳೆಯ ತಳಿಯ ಹೋರಿಯ ವೀರ್ಯ ಹಾಕಿ ಗಬ್ಬ ಮಾಡಿಸುವುದು ನನ್ನ ಮುಖ್ಯ ಕೆಲಸ. ಆ ವೀರ್ಯ ಸಣ್ಣ ಸಣ್ಣ ಪ್ಲಾಸ್ಟಿಕ್ ಕಡ್ಡಿಗಳಲ್ಲಿ ತುಂಬಿ ಬರುತ್ತದೆ. ಕಡ್ಡಿಗಳು ಯಾವಾಗಲೂ ದ್ರವ ಸಾರಜನಕದಲ್ಲಿ ಮುಳುಗಿಯೇ ಇರಬೇಕು. ಹಾಕುವ ಗಳಿಗೆಗೆ ಮುಂಚೆ ಒಮ್ಮೆ ಬೆಚ್ಚಗಾದರೆ ಮುಗಿಯಿತು, ಮತ್ತೆ ಎಷ್ಟು ತಣ್ಣಗೆ ಮಾಡಿದರೂ ಅದಕ್ಕೆ ಜೀವ ಬರುವುದಿಲ್ಲ. ನಾನು ಡಾಕ್ಟರನಲ್ಲ, ಡಾಕ್ಟರರ ಕೈಕೆಳಗಿನವನು. ಆದರೆ ಊರವರು ಡಾಕ್ಟರ್ರ ಎಂದೇ ಕರೆಯುತ್ತಿದ್ದರು, ನಾನೂ ತಿದ್ದಲು ಹೋಗಲಿಲ್ಲ. ಕರೆಸಿಕೊಳ್ಳಲು ಹಿತವಾಗಿತ್ತು.

ನನ್ನ ಕಂಟೇನರಿನಲ್ಲಿ ಸರ್ಕಾರದ ಕಡ್ಡಿಗಳ ಜೊತೆ ಬೇರೆ ಎಂಟು ಕಡ್ಡಿಗಳಿದ್ದವು. ಅವು ಮಾಣಿಕನವು. ಮಾಣಿಕ ಅದೇ ಊರಿನ ನೀಲವ್ವ ಎಂಬ ಹೆಣ್ಣುಮಗಳ ಹೋರಿ. ಕೃಷ್ಣಾ ಕಣಿವೆಯ ಅಸಲಿ ತಳಿ, ಎರೆ ಹೊಲದ ಕೆಸರಿನಲ್ಲಿ ಮೊಣಕಾಲುದ್ದ ಹೂತರೂ ಗಳೆ ಎಳೆದು ಹೊರಗೆ ಬರುವ ಜಾತಿ. ಆ ತಳಿ ಕಡಿಮೆಯಾಗುತ್ತಿದೆ ಎಂದು ಸರ್ಕಾರದವರು ಮಾಣಿಕನನ್ನು ಸ್ವಲ್ಪ ಕಾಲ ಒಯ್ದು ವೀರ್ಯ ತೆಗೆದಿಟ್ಟಿದ್ದರು. ಹೋರಿ ತಿರುಗಿ ಮನೆಗೆ ಬಂದ ಮಾರನೆಯ ವರ್ಷ ಹೊಟ್ಟೆ ಉಬ್ಬರದಿಂದ ಸತ್ತಿತು. ಅಷ್ಟರಲ್ಲಿ ತೆಗೆದಿಟ್ಟದ್ದೂ ಅಲ್ಲಿ ಇಲ್ಲಿ ಖರ್ಚಾಗಿತ್ತು. ನೀಲವ್ವ ಕಚೇರಿ ಕಚೇರಿ ಅಲೆದು, ಜಗಳಾಡಿ, ಕೊನೆಗೆ ಉಳಿದ ಎಂಟು ಕಡ್ಡಿಗಳನ್ನು ನಮ್ಮ ದವಾಖಾನೆಗೆ ತರಿಸಿದ್ದಳು. ಅವಳ ಕೊಟ್ಟಿಗೆಯಲ್ಲಿ ಗೌರಿ ಎಂಬ ಅದೇ ತಳಿಯ ಆಕಳಿತ್ತು. ಗೌರಿಯ ಹೊಟ್ಟೆಯಲ್ಲಿ ಮಾಣಿಕನ ಕರು ಹುಟ್ಟಬೇಕು, ಅಷ್ಟೇ ಅವಳ ಆಸೆ.

ಗಂಡ ತೀರಿ ಹೋದ ಮೇಲೆ ತಾನೇ ನಿಂತು ಕಮತ ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ಮಾತು ಕಡಿಮೆ. ವಾರಕ್ಕೊಮ್ಮೆ ದವಾಖಾನೆಯ ಬಾಗಿಲಲ್ಲಿ ನಿಂತು, "ಡಾಕ್ಟರ್ರ, ನಮ್ಮ ಮಾಣಿಕ ಆರಾಮ ಅದಾನ್ರಿ?" ಎಂದು ಕೇಳುತ್ತಿದ್ದಳು.

"ಆರಾಮ ಮಲಗ್ಯಾನವ್ವ. ನಾ ಇರೂತನಕ ಅವಂಗೇನೂ ಆಗೂದಿಲ್ಲ" ಎನ್ನುತ್ತಿದ್ದೆ. ಎಷ್ಟು ಸಲೀಸಾಗಿ ಅನ್ನುತ್ತಿದ್ದೆ ನೋಡಿ.

ಇನ್ನು ರಾಜೇಸಾಬ. ಬೈಲಹೊಂಗಲದಲ್ಲಿ ಮೋಟಾರು ರಿವೈಂಡಿಂಗ್ ಮತ್ತು ಲೇತ್ ಅಂಗಡಿ ಇಟ್ಟಿದ್ದ ಮೂವತ್ತೈದರ ಮನುಷ್ಯ. ಆಗ ನನ್ನ ಮನೆಯೂ ಬೈಲಹೊಂಗಲದಲ್ಲೇ ಇತ್ತು. ಒಮ್ಮೆ ದವಾಖಾನೆಯ ನೀರಿನ ಮೋಟಾರು ಸುಟ್ಟಾಗ ಅವನನ್ನೇ ಕರೆಸಿದ್ದೆ. ನಾನು ಕಂಟೇನರಿನ ಮುಚ್ಚಳ ತೆಗೆದಾಗ ಎದ್ದ ಹೊಗೆ ನೋಡಿ ಬೋಲ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟು ಹತ್ತಿರ ಬಂದ. ಎಷ್ಟು ತಣ್ಣಗಿದೆ ಎಂದು ಕೇಳಿದ, ಹೇಳಿದೆ. ಅವನ ಮುಖ ನೋಡಬೇಕಿತ್ತು.

"ಯಾ ಅಲ್ಲಾ! ಇದನ್ನ ಹುಡಕ್ಕೋತ ನಾವು ಪುಣೆತನಾ ಹೋಗಿ ಬಂದೇವ್ರಿ. ನೀವು ಇದನ್ನ ಎಮ್ಮಿಗೆ ಇಟಗೊಂಡ ಕುಂತೀರಲ್ರಿ!"

ಅವತ್ತೇ ಅವನ ಹುಚ್ಚಿನ ಪರಿಚಯವಾಯಿತು. ಕಂಪ್ಯೂಟರಿನೊಳಗೆ ಲೆಕ್ಕ ಮಾಡುವ ಚಿಪ್ಪು ಇರುತ್ತದೆ. ಅದು ಇಷ್ಟೇ ವೇಗದಲ್ಲಿ ಓಡಬೇಕು ಎಂದು ಮಾಡಿದವರು ಗೆರೆ ಹಾಕಿರುತ್ತಾರೆ. ಆ ಗೆರೆ ದಾಟಿಸಿ ಅದನ್ನು ಓಡಿಸುವುದೇ ಇವರ ಆಟ, ಅದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ವೇಗ ಏರಿದಂತೆ ಚಿಪ್ಪು ಕಾದು ಸುಟ್ಟು ಹೋಗುತ್ತದೆ, ಹಾಗಾಗಿ ತಣ್ಣಗಿಡಬೇಕು. ರಾಜೇಸಾಬನೂ ಅವನ ಗೆಳೆಯರೂ ಮೊದಲು ಫ್ಯಾನು ಇಟ್ಟರು, ಆಮೇಲೆ ಐಸ್‌ಕ್ಯಾಂಡಿ ಫ್ಯಾಕ್ಟರಿಯ ಬರ್ಫಕ್ಕೆ ಉಪ್ಪು ಕಲಸಿ ಇಟ್ಟರು. ಸಾರಜನಕ ಸಿಕ್ಕರೆ ಆಟವೇ ಬೇರೆ. ಪೈ ಎಂಬ ಸಂಖ್ಯೆಯನ್ನು ಹತ್ತು ಲಕ್ಷ ಅಂಕಿಯವರೆಗೆ ಲೆಕ್ಕ ಹಾಕಲು ಎಷ್ಟು ಸೆಕೆಂಡು ಬೇಕಾಯಿತು ಎಂಬುದರ ಮೇಲೆ ಸೋಲು ಗೆಲುವು. ಜಗತ್ತಿನ ಎಲ್ಲ ಕಡೆಯವರೂ ತಮ್ಮ ಸೆಕೆಂಡುಗಳನ್ನು ಇಂಟರ್‌ನೆಟ್ಟಿನ ಒಂದು ಪಟ್ಟಿಗೆ ಹಾಕುತ್ತಿದ್ದರಂತೆ. ಇದರಿಂದ ಏನು ಉಪಯೋಗ ಎಂದು ಕೇಳಿದೆ. "ಕುಸ್ತಿ ಆಡಿದರ ಏನ ಉಪಯೋಗರಿ?" ಅಂದ. 

ಸಾರಜನಕದ ಗಾಡಿ ಹದಿನೈದು ದಿನಕ್ಕೊಮ್ಮೆ ಮಂಗಳವಾರ ಬಂದು ದೊಡ್ಡ ಕಂಟೇನರ್ ತುಂಬಿ ಹೋಗುತ್ತಿತ್ತು. ಹಳ್ಳಿ ತಿರುಗಲು ನನ್ನ ಬಳಿ ಮೂರು ಲೀಟರಿನ ಸಣ್ಣ ಕ್ಯಾನೂ ಇತ್ತು. ವಾರದ ಕೊನೆಗೆ ಅದರಲ್ಲಿ ಉಳಿದದ್ದು ಹೇಗೂ ಆವಿಯಾಗಿ ಹೋಗುವಂಥದ್ದು. ಅದನ್ನೇ ಮೋಟಾರ್‌ಸೈಕಲ್ಲಿಗೆ ಕಟ್ಟಿಕೊಂಡು ಭಾನುವಾರ ರಾಜೇಸಾಬನ ಅಂಗಡಿಗೆ ಒಯ್ಯತೊಡಗಿದೆ. ಅದರಲ್ಲಿ ತಪ್ಪೇನೂ ಇರಲಿಲ್ಲ ಎಂದು ಇವತ್ತಿಗೂ ನಂಬುತ್ತೇನೆ.

ಆ ಭಾನುವಾರಗಳು! ತಗಡಿನ ಶೆಡ್ಡು, ಮೇಲೆ ಸುಡು ಬಿಸಿಲು, ಒಳಗೆ ಹತ್ತು ಹದಿನೈದು ಜನ. ಹುಬ್ಬಳ್ಳಿ, ಗೋಕಾಕ, ರಾಮದುರ್ಗದಿಂದ ಚಿಪ್ಪು ಕೂರಿಸಿದ ಕಂಪ್ಯೂಟರ್ ಬೋರ್ಡುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಬರುತ್ತಿದ್ದರು. ಫೋಟೋ ಸ್ಟುಡಿಯೋದವರು, ಟಿವಿ ರಿಪೇರಿಯವರು, ಇಂಜಿನಿಯರಿಂಗ್ ಓದುವವರು ಎಲ್ಲ ಇದ್ದರು. ಅವರಿಗೆಲ್ಲ ಹಿರಿಯರು ಕಿತ್ತೂರಿನ ಹಿರೇಮಠ ಮಾಸ್ತರರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಐವತ್ತರ ಮನುಷ್ಯ. ರಾಜೇಸಾಬನಿಗೆ ಈ ವಿದ್ಯೆ ಹತ್ತಿಸಿದವರೇ ಅವರು. ಚಿಪ್ಪಿನ ಮೇಲೆ ಕೂರಿಸುವ ತಾಮ್ರದ ಕೊಳವೆಯಂಥ ಪಾತ್ರೆಯನ್ನು ರಾಜೇಸಾಬ ರಿವೈಂಡಿಂಗಿನ ಹಳೇ ತಂತಿ ಕರಗಿಸಿ, ಎರಕ ಹೊಯ್ದು, ಲೇತಿಗೆ ಹಾಕಿ ತಾನೇ ಮಾಡಿದ್ದ. ತಂಪಿಗೆ ಬೋರ್ಡು ಬೆವರಿ ನೀರು ಇಳಿದರೆ ಎಲ್ಲ ಸುಟ್ಟು ಹೋಗುತ್ತದೆ, ಅದಕ್ಕೆ ಏನಾದರೂ ಬಳಿಯಬೇಕು. ಎಮ್ಮೆಯ ಕೆಚ್ಚಲು ಒಡೆದರೆ ಹಚ್ಚುವ ಮುಲಾಮು ಕೊಟ್ಟೆ, ಅದು ಪಸಂದಾಗಿ ಕೆಲಸ ಮಾಡಿತು.

ಅವರದೊಂದು ಪದ್ಧತಿಯಿತ್ತು. ಯಾರ ಚಿಪ್ಪು ಸುಡುತ್ತದೋ ಅವನಿಗೆ ಮೊದಲ ಚಹಾ. ಚಿಪ್ಪು ಸುಟ್ಟರೆ ಎರಡು ಮೂರು ತಿಂಗಳ ಉಳಿತಾಯ ಹೋದಂತೆ.  ಆಮೇಲೆ ಮಾಸ್ತರರು ತಾವೇ ಚಹಾ ಬಗ್ಗಿಸಿ, "ಕುಡಿಯಪಾ, ಇವತ್ತಿನ ಧಣಿ ನೀನs" ಎಂದು ಕಪ್ಪು ಕೊಡುತ್ತಿದ್ದರು. ಯಾರ ಬೋರ್ಡು ಯಾವ ಕಂಪನಿಯದು ಎಂದು ಯಾರೂ ಕೇಳುತ್ತಿರಲಿಲ್ಲ. ಫಲಿತಾಂಶ ಶೆಟರಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ರಾಜೇಸಾಬನ ಮನೆಯಿಂದ ಬಿಸಿ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಬರುತ್ತಿತ್ತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಸಂತೋಷದ ಊಟ ನಾನು ಬೇರೆಲ್ಲೂ ಮಾಡಿಲ್ಲ.

ಹೋಳಿ ಮುಗಿದ ಮೇಲೆ ಕಂಪನಿ ಬಂತು. ಬೋರ್ಡು ಮಾಡುವ ಕಂಪನಿಯೊಂದರ ಹುಬ್ಬಳ್ಳಿಯ ಸಾಹೇಬ, ಇಸ್ತ್ರಿ ಅಂಗಿ, ಕೈಯಲ್ಲಿ ಎರಡು ಮೊಬೈಲು. ರಾಜೇಸಾಬನ ಸೆಕೆಂಡುಗಳನ್ನು ಇಂಟರ್‌ನೆಟ್ಟಿನಲ್ಲಿ ನೋಡಿ ಹುಡುಕಿಕೊಂಡು ಬಂದಿದ್ದ. ಒಂದು ಭಾನುವಾರ ದೊಡ್ಡ ಕೂಟ ಮಾಡೋಣ, ಕಲ್ಯಾಣ ಮಂಟಪ ನಾವು ಹಿಡಿಯುತ್ತೇವೆ, ಊಟ ನಮ್ಮದು, ಎರಡು ಹೊಸ ಬೋರ್ಡು, ಚಿಪ್ಪು, ಸಾರಜನಕ ಎಲ್ಲ ನಮ್ಮದು ಎಂದ. ಹನ್ನೆರಡು ಸೆಕೆಂಡಿನ ಕೆಳಗೆ ಬಂದರೆ ಬೆಂಗಳೂರಿನ ಸ್ಪರ್ಧೆಗೆ ಕಂಪನಿಯ ತಂಡದಲ್ಲಿ ರಾಜೇಸಾಬನ ಹೆಸರು. ಒಂದೇ ಕರಾರು: ಮೇಜಿನ ಮೇಲೆ ಅವರ ಬೋರ್ಡು ಬಿಟ್ಟು ಬೇರೆಯದು ಕಾಣಬಾರದು. ರಾಜೇಸಾಬ ಎರಡು ದಿನ ನಿದ್ದೆ ಮಾಡಲಿಲ್ಲ. ಹತ್ತು ವರ್ಷದಿಂದ ತಾಮ್ರದ ತಂತಿ ಸುತ್ತುತ್ತ ಕುಳಿತವನ ಕಡೆ ಮೊದಲ ಸಲ ಯಾರೋ ಹೊರಗಿನವರು ತಿರುಗಿ ನೋಡಿದ್ದರು. ಅವನನ್ನು ನಾನು ಬೈಯಲಾರೆ.

ಚೈತ್ರದ ಬಿಸಿಲು. ಜೋಳದ ರಾಶಿ ಮುಗಿದು ಎರೆ ನೆಲ ಬಾಯಿ ಬಿಟ್ಟಿತ್ತು. ಕೂಟದ ಆ ಭಾನುವಾರ ಬೆಳಿಗ್ಗೆ ನಾನು ಸಣ್ಣ ಕ್ಯಾನು ಕಟ್ಟಿಕೊಂಡು ಮಂಟಪಕ್ಕೆ ಹೋದರೆ ಗುರುತೇ ಸಿಗಲಿಲ್ಲ. ವಧೂವರರು ಕೂರುವ ಜಾಗದಲ್ಲಿ ಕಂಪನಿಯ ಬ್ಯಾನರು, ಮೈಕು, ಫೋಟೋದವರು, ನೂರಾರು ಕುರ್ಚಿ. ಎಲ್ಲರಿಗೂ ಕಂಪನಿಯ ಚಿತ್ರವಿರುವ ಟೀಶರ್ಟ್ ಕೊಟ್ಟರು. ನನ್ನನ್ನು ಮುಂದಿನ ಸಾಲಿಗೆ ಕರೆದೊಯ್ದು ಕೂರಿಸಿ ಮೈಕಿನಲ್ಲಿ "ನಮ್ಮ ಡಾಕ್ಟರ್ ಸಾಹೇಬರು" ಎಂದರು. ನಾನು ಅಂಗಿಯ ಮೇಲೇ ಆ ಟೀಶರ್ಟ್ ಏರಿಸಿಕೊಂಡೆ. ನಾಚಿಕೆಗೆಟ್ಟವನು!

ಹಿರೇಮಠ ಮಾಸ್ತರರು ತಮ್ಮ ಹಳೆಯ ಬೋರ್ಡನ್ನು ಟವೆಲಿನಿಂದ ಬಿಚ್ಚಿ ಮೇಜಿನ ಮೂಲೆಗೆ ಇಟ್ಟಿದ್ದರು. ಕಂಪನಿಯ ಸಾಹೇಬ ಬಂದು ನಗುನಗುತ್ತಲೇ, "ಸರ್, ಇದು ಬೇರೆ ಕಂಪನಿದು. ಫೋಟೋದಾಗ ಬರತೈತಿ. ದಯಮಾಡಿ ತಗೀರಿ" ಎಂದ.

ಮಾಸ್ತರರು ರಾಜೇಸಾಬನ ಮುಖ ನೋಡಿದರು. ರಾಜೇಸಾಬ ಬಗ್ಗಿ ವಾಯರು ಸರಿ ಮಾಡುತ್ತಿದ್ದ. ಆ ವಾಯರು ಸರಿಯಾಗಿಯೇ ಇತ್ತು, ನಾನು ನೋಡಿದ್ದೇನೆ. ಮಾಸ್ತರರು ಬೋರ್ಡನ್ನು ಮತ್ತೆ ಸುತ್ತಿಕೊಂಡು, "ಆಗಲೇಳ್ರಿ, ನಡೀಲಿ ನಿಮ್ಮದು" ಎಂದು ಹಿಂದಿನ ಬಾಗಿಲಿಂದ ಹೋದರು. ಊಟಕ್ಕೂ ನಿಲ್ಲಲಿಲ್ಲ. ಹೋಗಬೇಡಿ ಎಂದು ನಾನೂ ಅನ್ನಲಿಲ್ಲ.

ಹನ್ನೊಂದು ಗಂಟೆಗೆ ನನ್ನ ಮೂರು ಲೀಟರ್ ಖಾಲಿಯಾಯಿತು. ಆಗ ಕಂಪನಿಯ ಸಾರಜನಕ ಬಂತು. ಇಬ್ಬರು ಹೊತ್ತು ತಂದ ಉದ್ದನೆಯ ಕಬ್ಬಿಣದ ಸಿಲಿಂಡರು! ರಾಜೇಸಾಬ ತಿರುಪು ತಿರುಗಿಸಿದ. ಬುಸ್ ಎಂದು ಬರೀ ಗಾಳಿ ಬಂತು. ಸಾರಜನಕ ಅಂದರೆ ಸಾರಜನಕ ಎಂದುಕೊಂಡು ಕಂಪನಿಯವರು ದ್ರವದ ಬದಲು ಅನಿಲ ತರಿಸಿದ್ದರು. ಟಯರಿಗೆ ತುಂಬಲು ಆಗುತ್ತಿತ್ತೇ ಹೊರತು ಚಿಪ್ಪು ತಣಿಸಲು ಅಲ್ಲ. ಜನ ಘೊಳ್ಳೆಂದು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಸಾಹೇಬ ಬದಿಗೆ ಬಂದು, ಸಂಜೆಯೊಳಗೆ ಹನ್ನೆರಡರ ಕೆಳಗೆ ಬರದಿದ್ದರೆ ಬೆಂಗಳೂರಿನ ಜಾಗ ಬೇರೆ ಊರಿನವರಿಗೆ ಹೋಗುತ್ತದೆ ಎಂದ. ರಾಜೇಸಾಬ ಬಾಯಿ ಬಿಟ್ಟು ಕೇಳಲಿಲ್ಲ. ನನ್ನ ಕಡೆ ನೋಡಿದ, ಅಷ್ಟೆ.

"ನಮ್ಮ ದೊಡ್ಡ ಕಂಟೇನರಿನ್ಯಾಗ ಐತಿ" ಎಂದೆ. ನಾನೇ ಎಂದೆ, ಯಾರೂ ಹೇಳಿಸಲಿಲ್ಲ. ಮುಂದಿನ ಸಾಲಿನ ಕುರ್ಚಿ ಮಾತಾಡಿಸಿತೋ, ರಾಜೇಸಾಬನ ಕಣ್ಣು ಮಾತಾಡಿಸಿತೋ ಗೊತ್ತಿಲ್ಲ.

ಕಂಪನಿಯ ಕಾರಿನಲ್ಲಿ ನಾನೂ ಡ್ರೈವರನೂ ದವಾಖಾನೆಯ ಊರಿಗೆ ಹೋದೆವು. ಕಟ್ಟಿಗೆಯ ಅಳತೆಕೋಲು ಕಂಟೇನರಿಗೆ ಇಳಿಸಿ ತೆಗೆದರೆ ಎಲ್ಲಿಯವರೆಗೆ ಹಿಮ ಹತ್ತಿದೆಯೋ ಅಲ್ಲಿಯವರೆಗೆ ಸಾರಜನಕ ಇದೆಯೆಂದು ಅರ್ಥ. ಒಂದು ಗೇಣಿನಷ್ಟಿತ್ತು. ಎರಡೇ ದಿನಕ್ಕೆ ಮಂಗಳವಾರ, ಗಾಡಿ ಬರುವ ದಿನ. ನಾಲ್ಕು ಬೆರಳು ಬಿಟ್ಟು ಉಳಿದದ್ದು ಒಯ್ದರೆ ನಡೆಯುತ್ತದೆ ಎಂದು ಲೆಕ್ಕ ಹಾಕಿದೆ. ಆ ಕಂಟೇನರ್ ಹಳೆಯದು, ಅದರ ಕುತ್ತಿಗೆ ಆಗಲೇ ಬೆವರತೊಡಗಿತ್ತು, ಅಂದರೆ ಸೋರಿಕೆ ಶುರುವಾಗಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಸಣ್ಣ ಕ್ಯಾನಿಗೂ ದವಾಖಾನೆಯ ಇನ್ನೊಂದು ಕ್ಯಾನಿಗೂ ಬಗ್ಗಿಸಿದೆ.

ಹೊರಗೆ ಬರುವಾಗ ನೀಲವ್ವ ಎದುರಾದಳು. ಹೊಲದಿಂದ ಬರುತ್ತಿದ್ದಳು, ತಲೆಯ ಮೇಲೆ ಬುಟ್ಟಿ.

"ಐತವಾರ ಬಂದೀರಲ್ರಿ ಡಾಕ್ಟರ್ರ? ಅಂಗಿ ಮ್ಯಾಲ ಅದೇನ್ರಿ?"

"ಅಳತಿ ನೋಡಾಕ ಬಂದಿದ್ನೆವ್ವ."

"ಅದಾವಲ್ರಿ ಎಂಟೂ?"

"ಅದಾವು."

"ಗೌರಿ ಈಯ್ದ ಎರಡ ತಿಂಗಳ ದಾಟಿತ್ರಿ. ಈ ಸಲ ಬೆದಿಗಿ ಬಂದರ ಹೇಳಿ ಕಳಸ್ತೇನಿ. ನಿಲ್ರಿ, ಮಜ್ಜಿಗಿ ಕೊಡ್ತೇನಿ, ಬಿಸಲಾಗ ಬಂದೀರಿ."

ಕಾರು ನಿಂತಿದೆ, ಹೊತ್ತಾಯಿತು ಎಂದೆ. ಎರಡು ಕ್ಯಾನುಗಳನ್ನು ಸೀಟಿನ ಮೇಲೆ ನಡುವೆ ಇಟ್ಟುಕೊಂಡು, ಕಿಟಕಿ ಇಳಿಸಿ, ಬೈಲಹೊಂಗಲಕ್ಕೆ ಬಂದೆವು.

ರಾಜೇಸಾಬ ಅವತ್ತು ಆಡಿದ ಆಟದಲ್ಲಿ ಸುಳ್ಳಿರಲಿಲ್ಲ. ಚಹಾದ ಫ್ಲಾಸ್ಕಿನಿಂದ ತಾಮ್ರದ ಪಾತ್ರೆಗೆ ಸ್ವಲ್ಪ ಸ್ವಲ್ಪವೇ ಸುರಿಯುತ್ತ, ಒಳಗೆ ಕುದಿಯುವ ಸದ್ದಿಗೆ ಕಿವಿ ಕೊಡುತ್ತಿದ್ದ. ತೀರಾ ತಣ್ಣಗಾದರೂ ಚಿಪ್ಪು ನಿಂತುಬಿಡುತ್ತದೆ. ಬೇರೆಯವರು ಥರ್ಮಾಮೀಟರ್ ನೋಡುತ್ತಾರೆ, ಇವನು ಸದ್ದು ಕೇಳಿಯೇ ಹೇಳುತ್ತಿದ್ದ. ಒಂದೊಂದೇ ಮೆಟ್ಟಿಲು ವೇಗ ಏರಿಸಿದ. ಮೂರು ಸಲ ಪರದೆ ನೀಲಿಯಾಗಿ ನಿಂತಿತು. ನಾಲ್ಕನೆಯ ಸಲ ಇಡೀ ಮಂಟಪ ಉಸಿರು ಹಿಡಿಯಿತು, ಅಂಕಿಗಳು ಓಡಿ ನಿಂತವು. ಹನ್ನೊಂದು ಸೆಕೆಂಡು ಮತ್ತು ಚಿಲ್ಲರೆ. ಕುರ್ಚಿಗಳು ಬಿದ್ದವು, ಶಿಳ್ಳೆ ಹೊಡೆದರು, ಯಾರೋ ನನ್ನನ್ನು ಎತ್ತಿಕೊಂಡರು. ರಾಜೇಸಾಬ ಅಳುತ್ತಿದ್ದ. ಕಂಪನಿಯ ಸಾಹೇಬ ಬ್ಯಾನರು ಸರಿಯಾಗಿ ಕಾಣುವಂತೆ ನಮ್ಮನ್ನು ಸರಿಸಿ ಸರಿಸಿ ಫೋಟೋ ಹೊಡೆಸಿದ. ಆ ದಿನ ಕಂಪನಿಯ ಇನ್ನೊಂದು ಬೋರ್ಡಿನ ಮೇಲೆ ಗೋಕಾಕಿನವನೊಬ್ಬನ ಚಿಪ್ಪೂ ಸುಟ್ಟಿತ್ತು. ಅವನಿಗೆ ಮೊದಲ ಚಹಾ ಕೊಡುವುದು ಯಾರಿಗೂ ನೆನಪಾಗಲಿಲ್ಲ.

ಮಂಗಳವಾರ ಗಾಡಿ ಬರಲಿಲ್ಲ. ಫೋನು ಮಾಡಿದರೆ ಇಂಜಿನ್ ಕೆಲಸಕ್ಕೆ ಬಿಟ್ಟಿದ್ದಾರೆ, ಶನಿವಾರ ಬರುತ್ತದೆ ಎಂದರು. ಪಕ್ಕದ ದವಾಖಾನೆಗೆ ಹೋಗಿ ಐದು ಲೀಟರ್ ಕೇಳಿದರೆ ಕೊಡುತ್ತಿದ್ದರು. ಹಾಗೆ ಕೊಡುವುದು ತೆಗೆದುಕೊಳ್ಳುವುದು ನಮ್ಮಲ್ಲಿ ನಡೆದೇ ಇತ್ತು. ಆದರೆ ಇಷ್ಟು ಬೇಗ ಹೇಗೆ ತಳ ಕಂಡಿತು ಎಂದು ಕೇಳುತ್ತಾರೆ. ಏನು ಹೇಳಲಿ? ಬುಧವಾರ ಎರಡು ಬೆರಳು ಇತ್ತು. ಇನ್ನೊಂದು ದಿನ ನೋಡೋಣ ಎಂದು ಮುಚ್ಚಳ ಹಾಕಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ. ಗುರುವಾರ ಬೆಳಿಗ್ಗೆ ಅಳತೆಕೋಲು ಒಣಗಿಯೇ ಮೇಲೆ ಬಂತು.

ಕೋಲನ್ನು ಒರೆಸಿ ಮತ್ತೆ ಇಳಿಸಿದೆ. ಮೂರು ಸಲ ಇಳಿಸಿದೆ. ಕಂಟೇನರಿನೊಳಗೆ ಕೈ ಹಾಕಿದರೆ ಬಾವಿಯೊಳಗಿನ ತಂಪು ಮಾತ್ರ ಇತ್ತು.

ಶನಿವಾರ ಗಾಡಿಯವನು ಬಂದು ತುಂಬಿ ಹೋದ. ಸರ್ಕಾರದ ಕಡ್ಡಿಗಳು ಕೆಟ್ಟವೆಂದು ತೋರಿಸಿ, ಕಂಟೇನರಿನ ಸೋರಿಕೆಯ ಮೇಲೆ ಹಾಕಿ, ಬೇರೆ ತರಿಸಿಕೊಂಡೆ. ಮಾಣಿಕನ ಎಂಟು ಕಡ್ಡಿಗಳಿಗೆ ಬದಲಿ ಎಲ್ಲಿಂದ ತರಲಿ? ಅವನ್ನು ಹಾಗೆಯೇ ಒಳಗೆ ಮುಳುಗಿಸಿದೆ. ಕಪಾಟಿನಲ್ಲಿ ಮೈಕ್ರೋಸ್ಕೋಪಿತ್ತು. ಒಂದು ಕಡ್ಡಿ ಒಡೆದು ನೋಡಿದ್ದರೆ ಖಚಿತವಾಗುತ್ತಿತ್ತು. ನೋಡಲಿಲ್ಲ. ನೋಡದಿದ್ದರೆ ಒಂದೆರಡಾದರೂ ಬದುಕಿರಬಹುದು ಎಂದು ಅಂದುಕೊಳ್ಳಬಹುದಲ್ಲ!

ಹತ್ತು ದಿನಕ್ಕೆ ಗೌರಿ ಬೆದೆಗೆ ಬಂತು. ಹೋದೆ. ನೀಲವ್ವ ಆಳನ್ನು ಕರೆಯದೆ ತಾನೇ ಬಾಲ ಹಿಡಿದು ನಿಂತಳು, ಗೌರಿಯ ಬೆನ್ನು ಸವರುತ್ತ ಏನೋ ಹೇಳುತ್ತಿದ್ದಳು. ಮಾಣಿಕನ ಕಡ್ಡಿ ಹಾಕಿ, ಕೈ ತೊಳೆದು, ಅವಳು ಕೊಟ್ಟ ಬೆಲ್ಲದ ಚೂರು ತಿಂದು ಬಂದೆ. ಗಬ್ಬ ನಿಂತಿದ್ದರೆ ಆಕಳು ಮತ್ತೆ ಬೆದೆಗೆ ಬರುವುದಿಲ್ಲ. ಇಪ್ಪತ್ತೊಂದು ದಿನಕ್ಕೆ ಸರಿಯಾಗಿ ಗೌರಿ ಮತ್ತೆ ಬೆದೆಗೆ ಬಂದು ಒದರತೊಡಗಿತು. ಎರಡನೆಯ ಕಡ್ಡಿ ಹಾಕಿದೆ. ಅದು ನಿಲ್ಲುತ್ತದೆ ಎಂಬ ನಂಬಿಕೆ ನನಗೇ ಇರಲಿಲ್ಲ. ಆಗ ಮಾತ್ರ ದವಾಖಾನೆಯ ಬಾಗಿಲು ಹಾಕಿಕೊಂಡು ಮೂರನೆಯ ಕಡ್ಡಿ ಒಡೆದು ಗಾಜಿನ ಮೇಲಿಟ್ಟು ಕಣ್ಣು ಹಚ್ಚಿದೆ. ಬದುಕಿದ್ದರೆ ಅವು ಹಬ್ಬದ ಸಂತೆಯ ಜನದ ಹಾಗೆ ಹರಿದಾಡುತ್ತಿರುತ್ತವೆ. ಒಂದೂ ಅಲುಗಲಿಲ್ಲ. ಮತ್ತೊಂದು ಒಡೆದೆ, ಅದೂ ಹಾಗೆಯೇ.

ಆ ವಾರ ಬೈಲಹೊಂಗಲದಲ್ಲಿ ರಾಜೇಸಾಬನ ಅಂಗಡಿಗೆ ಹೋದೆ. ಭಾನುವಾರವಾದರೂ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಮಾಸ್ತರರು ಬರುವುದು ಬಿಟ್ಟರು, ಅವರು ಬರದ ಕಡೆ ಉಳಿದವರೂ ಬರಲಿಲ್ಲ. ರಾಜೇಸಾಬ ಒಂದು ಹೊಳಪಿನ ಕಾಗದ ತೋರಿಸಿದ. ಕಂಪನಿಯ ಜಾಹೀರಾತು. ಆ ದಿನದ ಪರದೆಯ ಚಿತ್ರವಿತ್ತು, ಹನ್ನೊಂದು ಸೆಕೆಂಡು ಇತ್ತು, ಬೋರ್ಡಿನ ಫೋಟೋ ಇತ್ತು. ಅವನ ಹೆಸರಾಗಲಿ ಊರಿನ ಹೆಸರಾಗಲಿ ಎಲ್ಲೂ ಇರಲಿಲ್ಲ. ಬೆಂಗಳೂರಿನ ಸ್ಪರ್ಧೆ ಮುಂದಕ್ಕೆ ಹೋಗಿದೆಯೆಂದು ಸಾಹೇಬ ಹೇಳಿದ್ದನಂತೆ. ಈಗ ಫೋನು ಎತ್ತುತ್ತಿರಲಿಲ್ಲವಂತೆ.

"ಹೋಗ್ಲಿ ಬಿಡ್ರಿ. ನಮ್ಮ ಕೈಲೆ ಆತು ಅಂತ ನಮಗ ಗೊತ್ತೈತಲ್ಲ" ಅಂದ. ಅಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಮಾಣಿಕನ ಕಡ್ಡಿಗಳ ಕಥೆ ಪೂರ್ತಿ ಹೇಳಿದೆ. ಅವನು ಕಾಗದ ಮಡಚುತ್ತಿದ್ದವನು ಹಾಗೆಯೇ ನಿಂತ.

"ಯಾಕ್ರೀ ಡಾಕ್ಟರ್ರ, ಹಿಂಗ ಐತಿ ಅಂತ ಅವತ್ತ ಒಂದ ಮಾತ ಅಂದಿದ್ರ ನಾ ಮುಟ್ಟತಿದ್ನ್ಯಾ? ಇಲ್ಲ ಅನ್ನಬೇಕಿತ್ರಿ ನೀವು."

"ನೀನೂ ಮಾಸ್ತರ್ಗ ಹೋಗಬ್ಯಾಡ್ರಿ ಅನ್ನಬೇಕಿತ್ತಪಾ."

ಅವನು ತಲೆ ತಗ್ಗಿಸಿದ.  ಕೊನೆಗೆ ಅವನು, "ನಾ ಕಿತ್ತೂರಿಗೆ ಹೋಗಿ ಅವರ ಕಾಲ ಹಿಡಿತೇನಿ. ನೀವು ಆ ಅವ್ವಗ ಖರೇ ಹೇಳ್ರಿ" ಎಂದ. ಅವನು ಮರುದಿನವೇ ಕಿತ್ತೂರಿಗೆ ಹೋದ. ಮಾಸ್ತರರು ಚಹಾ ಕುಡಿಸಿ ಕಳಿಸಿದರಂತೆ, ಆದರೆ ಮತ್ತೆ ಶೆಡ್ಡಿಗೆ ಬರಲಿಲ್ಲ. ನನಗೆ ಅವನಷ್ಟೂ ಧೈರ್ಯವಿರಲಿಲ್ಲ. ಗೌರಿ ಮೂರನೆಯ ಸಲ ಬೆದೆಗೆ ಬಂದಾಗ, ಸತ್ತ ಕಡ್ಡಿ ಎಂದು ಗೊತ್ತಿದ್ದೇ ತೆಗೆದುಕೊಂಡು ಹೋಗಿ, ಗೊತ್ತಿದ್ದೇ ಹಾಕಿ ಬಂದೆ. ಆ ಪಾಪಕ್ಕೆ ಕಂಪನಿಯನ್ನು ಅನ್ನಲಾರೆ, ಗಾಡಿಯನ್ನೂ ಅನ್ನಲಾರೆ.

ಮಿರಗದ ಮಳೆ ಬಿತ್ತು. ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲು ಒಂದೊಂದು ಸೇರು ಭಾರವಾಗುವ ದಿನಗಳು. ನೀಲವ್ವ ಕೊಡೆಯಿಲ್ಲದೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ದವಾಖಾನೆಗೆ ಬಂದಳು.

"ಗೌರಿ ಮತ್ತ ಬೆದಿಗಿ ತಿರಗಿತ್ರಿ ಡಾಕ್ಟರ್ರ. ಮೂರ ಸಲ ಆತು. ಮಾಣಿಕಂದೇನ ತಪ್ಪಿಲ್ಲ, ಅಂವ ಎಂಥಾಂವ ಅಂತ ನಂಗ ಗೊತ್ತೈತಿ. ಆಕಳs ಗೊಡ್ಡ ಬಿದ್ದೈತಿ. ಶುಕ್ರವಾರ ಸಂತಿಗೆ ಹೊಡಸ್ತೇನಿ. ಇನ್ನೊಂದ ಅಸಲಿ ಆಕಳ ತೊರಗಲ್ ಕಡೆ ಐತಂತ, ತರತೇನಿ. ಉಳದ ಕಡ್ಡಿ ಜ್ವಾಕಿ ಮಾಡ್ರಿ."

ಗೊಡ್ಡು ಎಂದು ಸಂತೆಗೆ ಹೊಡೆದ ಆಕಳನ್ನು ಯಾರು ಕೊಳ್ಳುತ್ತಾರೆ, ಅದು ಎಲ್ಲಿಗೆ ಹೋಗುತ್ತದೆ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳ ಕಣ್ಣು ಅತ್ತು ಕೆಂಪಾಗಿತ್ತು. ನಾನು ಎದ್ದು ನಿಂತೆ.

"ಗೌರಿಗೆ ಏನೂ ಆಗಿಲ್ಲವ್ವ. ಮಾರಬ್ಯಾಡ. ಕಡ್ಡಿ ಸತ್ತಾವು. ನನ್ನ ಕೈಲೆ ಸತ್ತಾವು."

ಕೂಟ, ಕಂಪನಿ, ಕಾರು, ಒಣಗಿದ ಕೋಲು ಎಲ್ಲ ಹೇಳಿದೆ. ಕಂಪ್ಯೂಟರಿನ ಹನ್ನೆರಡು ಸೆಕೆಂಡು ಅವಳಿಗೆ ತಿಳಿಯುವ ಹಾಗೆ ಹೇಳಲು ನನಗೆ ಬರಲಿಲ್ಲ. ಅವಳು ಅದನ್ನು ಕೇಳಲೂ ಇಲ್ಲ. ಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎಂದ ಗೊತ್ತಾತ್ರಿ ನಿಮಗ?"

"ಮೊದಲನೇ ಸಲ ಸಂಶೆ ಇತ್ತು. ಮೂರನೇ ಸಲ ಗೊತ್ತಿತ್ತು."

"ಗೊತ್ತಿದ್ದs ಹಾಕಿದ್ರಿ?"

"ಹೌದವ್ವ."

ಅವಳು ಗೋಡೆ ಹಿಡಿದು ನಿಂತಳು. ಬೈದಿದ್ದರೆ, ಚಪ್ಪಲಿ ತೆಗೆದುಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು. "ಮಾಣಿಕ ಒಮ್ಮೆ ಸತ್ತಾಗ ಅತ್ತ ಮುಗಿಸಿದ್ನಿ" ಎಂದಳು ಕೊನೆಗೆ. "ಮೂರ ಸಲ ನಾನs ಬಾಲ ಹಿಡದ ನಿಂತೇನಲ್ರಿ. ನನ್ನ ಮಾರಿ ನೋಡಿಕೋತ ಹೆಂಗ ಹಾಕಿದ್ರಿ?"

 ಅವಳು ಮಳೆಯಲ್ಲಿ ಹೋದಳು. ನಾನು ಮೇಲಿನವರಿಗೆ ನಡೆದದ್ದನ್ನು ಬರೆದು ಕಳಿಸಿದೆ. ಅವರು ಕರೆದು ಬೈದರು, ಬಡ್ತಿ ತಡೆದರು. ಆ ಆದೇಶದ ಕಾಗದಕ್ಕೆ ಸಹಿ ಮಾಡಿ ತೆಗೆದುಕೊಂಡು ಬಂದೆ.

ಗೌರಿ ಸಂತೆಗೆ ಹೋಗಲಿಲ್ಲ. ಎರಡು ತಿಂಗಳ ಮೇಲೆ ನೀಲವ್ವನೇ ಅದನ್ನು ಹೊಡೆದುಕೊಂಡು ದವಾಖಾನೆಗೆ ಬಂದಳು. ಹಗ್ಗ ಕಂಬಕ್ಕೆ ಕಟ್ಟಿ, ಬೇರೆ ಯಾವ ಹೋರಿಯದಾದರೂ ಆಗಲಿ, ಹಾಲಿಗಾದರೂ ಕರು ಬೇಕು ಎಂದಳು. ಸರ್ಕಾರದ ಕಡ್ಡಿಯೊಂದನ್ನು ಕರಗಿಸಲು ಉಗುರುಬೆಚ್ಚಗಿನ ನೀರಿಗೆ ಹಾಕಿ ಸಿದ್ಧ ಮಾಡಿದೆ. ಅವಳು ಕೈ ಅಡ್ಡ ಹಿಡಿದಳು.

"ಜೀವ ಐತೋ ಇಲ್ಲೋ ನೋಡೂ ಮಸೀನ ಐತೇನ್ರಿ ನಿಮ್ಮಲ್ಲಿ?"

"ಐತಿ."

"ತಗೀರಿ. ನಾ ನೋಡಬೇಕು."

ಕಪಾಟಿನಿಂದ ಮೈಕ್ರೋಸ್ಕೋಪು ತೆಗೆದೆ. ಗಾಜಿನ ಮೇಲೆ ಒಂದು ಹನಿ ಇಟ್ಟು ಸರಿ ಮಾಡಿ ಕೊಟ್ಟೆ. ನೀಲವ್ವ ಸೆರಗು ಹಿಂದೆ ಸರಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅದಕ್ಕೆ ಹಚ್ಚಿ ಬಹಳ ಹೊತ್ತು ಬಗ್ಗಿಯೇ ನಿಂತಳು.

"ಹರಿದಾಡಾಕ ಹತ್ಯಾವ" ಎಂದಳು. "ಈಗ ಹಾಕ್ರಿ."

ಗೌರಿಯ ಬಾಲವನ್ನು ನಾನೇ ಹಗ್ಗದಿಂದ ಪಕ್ಕಕ್ಕೆ ಕಟ್ಟಿಕೊಂಡು ಹಾಕಿದೆ. ಅವಳು ಬಾಗಿಲ ಬಳಿ ನಿಂತಿದ್ದಳು. ಆಮೇಲೆ ನಾನು ಆ ಊರಿನಲ್ಲಿ ಇನ್ನೂ ಎರಡು ವರ್ಷ ಇದ್ದೆ. ಅವಳ ಆಕಳು, ಎಮ್ಮೆಗಳಿಗೆ ಎಷ್ಟೋ ಸಲ ಹಾಕಿದ್ದೇನೆ. ಒಂದು ಸಲವೂ ತಾನು ಕಣ್ಣು ಹಚ್ಚಿ ನೋಡದೆ ಅವಳು ನನ್ನ ಕೈಯಿಂದ ಹಾಕಿಸಿಕೊಳ್ಳಲಿಲ್ಲ.